ಗಾಡಿಯ ಮೇಲಿನ ಅಕ್ಷರ

(ಎಂ.ಕೆ. ಹುಬ್ಬಳ್ಳಿಯ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ಹೊರಗೆ ನಿಲ್ಲಿಸಿದ ನಿಮ್ಮ ಬೈಕುಗಳನ್ನು ನೋಡಿಯೇ ಒಳಗೆ ಬಂದೆ. ಟ್ಯಾಂಕಿಗೆ ಅರಿಶಿನ-ಕುಂಕುಮದ ಬಣ್ಣ, ಹ್ಯಾಂಡಲಿಗೆ ಬಾವುಟ, ಮಡ್‌ಗಾರ್ಡಿನ ಮೇಲೆ ಸಂಗೊಳ್ಳಿ ರಾಯಣ್ಣ. ಸಂತೋಷ! 1961ರಿಂದ 1996ರವರೆಗೆ ಮೈಸೂರಿನಲ್ಲೇ ಜಾವಾ, ಯೆಜ್ಡಿ ತಯಾರಿಸಿದ ನಾಡು ನಮ್ಮದು. ಗಾಡಿ ಸಿಂಗರಿಸುವುದು ತಪ್ಪಲ್ಲ.

ಆದರೆ ನನ್ನದೇ ತಪ್ಪೊಂದನ್ನು ಹೇಳಬೇಕು. ಒಮ್ಮೆ ನನ್ನ ಪ್ರೆಸ್ಸಿನಲ್ಲಿ 'ಕನ್ನಡಾಭಿಮಾನಿ' ಸ್ಟಿಕ್ಕರ್ ಅಚ್ಚಾಯಿತು. 'ಭಿ'ಯ ಸೀಳು ಬಿಟ್ಟುಹೋಗಿ 'ಬಿ' ಆಗಿತ್ತು. ಹುಡುಗರು ಅದನ್ನೇ ಅಂಟಿಸಿಕೊಂಡು ಬೆಳಗಾವಿಯವರೆಗೆ ಓಡಾಡಿದರು. ತಪ್ಪು ನನ್ನದು, ನಗೆಗೀಡಾದದ್ದು ಕನ್ನಡ! ಅಂಟಿಸುವ ಮೊದಲು ಓದಿ. ತಪ್ಪಿದ್ದರೆ ತಂದು ನನ್ನ ಮೇಜಿನ ಮೇಲೆ ಎಸೆಯಿರಿ.

ಇನ್ನೊಂದು ಮಾತು. ನಂಬರ್ ಪ್ಲೇಟಿನಲ್ಲಿ ಕನ್ನಡ ಅಂಕಿ ಬರೆಸಿದರೆ ದಂಡ ಬೀಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮ ಅಲ್ಲಿ ಇಂಗ್ಲಿಷ್ ಅಕ್ಷರವನ್ನೇ ಕೇಳುತ್ತದೆ. ಇದು ನ್ಯಾಯವೇ? ನಿಯಮ ಬದಲಿಸಿರೆಂದು ದೆಹಲಿಯನ್ನು ಒಟ್ಟಾಗಿ ಕೇಳೋಣ. ಬಡವರ ಮಗನೊಬ್ಬನೇ ದಂಡ ಕಟ್ಟುವುದು ಬೇಡ. ಟ್ಯಾಂಕ್ ನಿಮ್ಮದು, ಅಲ್ಲಿ ಬರೆಸಿ.

ಕನ್ನಡಿ ಕೀಳಬೇಡಿ, ಸೈಲೆನ್ಸರ್ ಕೊಯ್ಯಬೇಡಿ. ಗಾಡಿ ಅಬ್ಬರಿಸಿದರೆ ಜನ ಅಕ್ಷರ ಓದುವುದಿಲ್ಲ, ಬೈಯುತ್ತಾರೆ. ಆ ಬೈಗುಳ ತಾಗುವುದು ಅದರ ಮೇಲೆ ಬರೆದ ಹೆಸರಿಗೆ.

ಜೈ ಕರ್ನಾಟಕ!