ಒಂದು ಕೇರಿಯಿಂದ ಇನ್ನೊಂದು ಕೇರಿಗೆ

(ಬಾನುಲಿ ಭಾಷಣ)

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಿಗೆ ಒಂದು ಹೆಮ್ಮೆಯಿದೆ. ನಮ್ಮಲ್ಲಿ ಜಾತಿ ಮತಗಳ ಜಗಳ ಕಡಿಮೆ, ಕೂಡಿ ಬಾಳುವುದು ಹೆಚ್ಚು ಎಂಬ ಹೆಮ್ಮೆ. ಇದು ನಿರಾಧಾರವೆಂದು ನಾನು ಹೇಳಲಾರೆ. ಆದಿಲಶಾಹಿ ಕಾಲದ ಗುಮ್ಮಟಗಳಿರುವ ಹುಕ್ಕೇರಿಯಲ್ಲೇ ಹಿರೇಮಠವೂ ಇದೆ. ಮೂಡಲಗಿಯ ಶಿವಬೋಧರಂಗ ಮಠದ ಹೆಸರಿನಲ್ಲೇ ಶಿವನೂ ರಂಗನೂ ಜೊತೆಗೂಡಿದ್ದಾರೆ. ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರ ಜಾತಿಯನ್ನು ಕೇಳುವ ರೂಢಿ ನಮ್ಮ ಹಳ್ಳಿಗಳಲ್ಲಿ ಬೆಳೆಯಲಿಲ್ಲ. ಸಾಹಿತ್ಯಾಸಕ್ತರಾದ ನಾವು ಇದನ್ನೆಲ್ಲ ಭಾವೈಕ್ಯವೆಂದು ಕರೆದು ಲೇಖನಗಳನ್ನು ಬರೆದಿದ್ದೇವೆ, ಸಭೆಗಳಲ್ಲಿ ತಲೆದೂಗಿದ್ದೇವೆ.

ಆದರೆ ಆ ಮೆರವಣಿಗೆಗಳ ಮುಂದೆ ಹಲಗೆ ಬಾರಿಸುತ್ತ ನಡೆಯುವವನನ್ನು ಒಮ್ಮೆ ನೋಡಬೇಕು. ದೇವರ ಪಲ್ಲಕ್ಕಿಯ ಮುಂದೆಯೂ ಅವನೇ, ಡೋಲಿಯ ಮುಂದೆಯೂ ಅವನೇ. ಎರಡೂ ಕಡೆಯವರು ಅವನನ್ನು ಕರೆಯುತ್ತಾರೆ. ಅವನಿಲ್ಲದೆ ಎರಡೂ ಕಡೆಯವರ ಹಬ್ಬ ಸಾಗದು. ಹಬ್ಬ ಮುಗಿದ ಮರುದಿನ ಅವನ ಕೇರಿಯ ಹೆಂಗಸರು ಊರ ಬಾವಿಯಿಂದ ಎಷ್ಟು ದೂರದಲ್ಲಿ ಕೊಡ ಇಟ್ಟುಕೊಂಡು ನಿಂತಿರಬೇಕಾಗಿತ್ತು ಎಂಬುದನ್ನು ಹಿಂದಿನ ತಲೆಮಾರಿನವರು ಬಲ್ಲರು. ಕೂಡಿ ಹಬ್ಬ ಮಾಡುವುದು ಒಂದು. ಇನ್ನೊಬ್ಬನಿಗೆ ಅನ್ಯಾಯವಾದಾಗ ಅವನ ಪಕ್ಕಕ್ಕೆ ಹೋಗಿ ನಿಲ್ಲುವುದು ಇನ್ನೊಂದು. ಮೊದಲನೆಯದಕ್ಕೆ ಖರ್ಚು ಕಡಿಮೆ. ಎರಡನೆಯದಕ್ಕೆ ನಮ್ಮದೇನನ್ನಾದರೂ ಕಳೆದುಕೊಳ್ಳಲು ಸಿದ್ಧರಾಗಬೇಕು. ನಾನಿಂದು ಹೇಳಬಯಸುವುದು ಈ ಎರಡನೆಯದನ್ನು ಕುರಿತು.

ಕಳೆದುಕೊಳ್ಳುವುದೆಂದರೇನು ಎಂಬುದಕ್ಕೆ ಕೊಂಕಣದ ಒಂದು ಉದಾಹರಣೆಯನ್ನು ನೆನೆಯಬಹುದು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಡಾ. ಅಂಬೇಡ್ಕರರ ಎರಡನೆಯ ಪರಿಷತ್ತು ಸೇರಬೇಕಾಗಿತ್ತು. ಚೌದಾರ್ ಕೆರೆಯ ನೀರಿನ ಹಕ್ಕಿನ ಪ್ರಶ್ನೆ. ಊರಿನ ಸವರ್ಣೀಯರು ಮಂಟಪ ಹಾಕಲು ಗೇಣು ನೆಲವನ್ನೂ ಕೊಡಲಿಲ್ಲ. ಆಗ ತನ್ನ ಹೊಲವನ್ನು ಬಿಟ್ಟುಕೊಟ್ಟವನು ಫತ್ತೇಖಾನ್ ಎಂಬ ಮುಸ್ಲಿಮ್ ಗೃಹಸ್ಥ. ನಾಳೆಯೂ ಅದೇ ಊರಿನಲ್ಲಿ ಅದೇ ಜನರ ನಡುವೆ ಬಾಳಬೇಕಾಗಿದ್ದವನು ಅವನು. ಚರಿತ್ರೆ ಅವನ ವಿಷಯವಾಗಿ ಹೆಚ್ಚೇನೂ ಹೇಳುವುದಿಲ್ಲ. ಆ ಹೊಲದ ಮಾತೊಂದೇ ಸಾಕು.

ನಮ್ಮ ಸೀಮೆಯೂ ಇಂಥ ಗಾಳಿಯಿಂದ ದೂರವಿರಲಿಲ್ಲ. ಹುಕ್ಕೇರಿಯಿಂದ ಪಶ್ಚಿಮಕ್ಕೆ ಹೊರಟರೆ ಸಂಕೇಶ್ವರ, ಅದನ್ನು ದಾಟಿದರೆ ಗಡಹಿಂಗ್ಲಜ, ಮುಂದೆ ಕೊಲ್ಹಾಪುರದ ನೆಲ. ಅಲ್ಲಿಯ ಶಾಹೂ ಮಹಾರಾಜರು 1902ರಲ್ಲೇ ಹಿಂದುಳಿದವರಿಗೆ ಸಂಸ್ಥಾನದ ನೌಕರಿಯಲ್ಲಿ ಶೇಕಡಾ 50 ಸ್ಥಾನಗಳನ್ನು ಮೀಸಲಿಟ್ಟರು. ಅರಸನಾದರೂ ವೇದೋಕ್ತ ವಿಧಿಗೆ ಅರ್ಹನಲ್ಲವೆನ್ನಿಸಿಕೊಂಡ ಅವಮಾನ ಅವರಿಗಾಗಿತ್ತು. ಅಂಥ ಅವಮಾನ ಹಲವರಿಗಾಗುತ್ತದೆ; ತನ್ನ ನೋವು ತನಗಿಂತ ಕೆಳಗಿನವನ ನೋವನ್ನು ತೋರಿಸುವುದು ಮಾತ್ರ ಕೆಲವರಿಗೆ. 1920ರ ಮಾರ್ಚಿನಲ್ಲಿ ಮಾಣಗಾಂವದ ಪರಿಷತ್ತಿಗೆ ಅವರೇ ಬಂದು, ಅಧ್ಯಕ್ಷರಾಗಿದ್ದ ತರುಣ ಅಂಬೇಡ್ಕರರನ್ನು ತೋರಿಸಿ, ನಿಮ್ಮ ನಾಯಕ ನಿಮ್ಮೊಳಗಿನಿಂದಲೇ ಬಂದಿದ್ದಾನೆ ಎಂಬರ್ಥದ ಮಾತನಾಡಿದರು. ನೆರವಾಗಲು ಬಂದವನು ತಾನೇ ನಾಯಕನಾಗದೆ ಪಕ್ಕಕ್ಕೆ ಸರಿದದ್ದು ಇಲ್ಲಿ ಮುಖ್ಯ. ಐದು ವರ್ಷಗಳ ಬಳಿಕ, 1925ರ ಏಪ್ರಿಲಿನಲ್ಲಿ, ಅಂಬೇಡ್ಕರರು ನಮ್ಮದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಬಹಿಷ್ಕೃತರ ಪ್ರಾಂತಿಕ ಪರಿಷತ್ತಿನಲ್ಲಿ ಮಾತನಾಡಿದರು.

ಇನ್ನು ಘಟಪ್ರಭೆಗೆ ಬರೋಣ. ಗೋಕಾಕ ತಾಲೂಕಿನ ಈ ಊರು ಹರ್ಡೀಕರರ ಸೇವಾದಳದಿಂದ, ಕೊಕಟನೂರ ಡಾಕ್ಟರರ ಆರೋಗ್ಯಧಾಮದಿಂದ ಹೆಸರಾದದ್ದು. ಅಲ್ಲಿ ನಡೆದ ಇನ್ನೊಂದು ಕೆಲಸ ನಮ್ಮ ಸಾಹಿತ್ಯದ ಪುಟಗಳಿಗೆ ಬಂದದ್ದು ಕಡಿಮೆ.

ಭರತ ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೆ ಬಂಡಿ ಕಟ್ಟುವುದು ಈ ಮೂರೂ ತಾಲೂಕುಗಳ ಹಳ್ಳಿಗಳ ಹಳೆಯ ರೂಢಿ. ಎಲ್ಲ ಜಾತಿಯವರೂ ಹೋಗುತ್ತಾರೆ, ಭಂಡಾರ ಹಚ್ಚಿಕೊಳ್ಳುತ್ತಾರೆ, ಹೋಳಿಗೆ ಕಡಬು ಮಾಡಿ ಪಡಲಿಗೆ ತುಂಬಿಸುತ್ತಾರೆ. ಆದರೆ ಮುತ್ತು ಕಟ್ಟಿಸಿಕೊಂಡು ದೇವದಾಸಿಯಾಗುತ್ತಿದ್ದವಳು ಬಹುಮಟ್ಟಿಗೆ ಹೊಲೆಯರ, ಮಾದರ, ಸಮಗಾರರ ಮನೆಯ ಹುಡುಗಿ. ದೇವಿ ಎಲ್ಲರವಳು, ಹರಕೆ ಮಾತ್ರ ಕೆಲವರದು. ಮುಂಬಯಿ ಪ್ರಾಂತದ ಸರಕಾರ 1934ರಲ್ಲೇ ಇದನ್ನು ನಿಷೇಧಿಸಿತು. ಕಾಯಿದೆ ಪುಸ್ತಕದಲ್ಲಿತ್ತು, ಮುತ್ತು ಕೊರಳಲ್ಲಿತ್ತು. ಕರ್ನಾಟಕ 1982ರಲ್ಲಿ ಮತ್ತೊಂದು ಕಾಯಿದೆ ಮಾಡಿ 1984ರಿಂದ ಜಾರಿಗೆ ತಂದಿತು. ಮಗಳನ್ನು ಬಿಟ್ಟ ತಾಯಿತಂದೆಗಳಿಗೆ ಅದರಲ್ಲಿ ಹೆಚ್ಚಿನ ಶಿಕ್ಷೆ. ಆಕೆಯ ಬಳಿಗೆ ಬರುವ ಗಂಡಸು ಆ ಕಾಯಿದೆಯ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ.

ಕಾಯಿದೆಗಿಂತ ಮೊದಲೇ, 1975ರಲ್ಲಿ, ಗಡಹಿಂಗ್ಲಜದಲ್ಲಿ ದೇವದಾಸಿಯರ ಮೊದಲ ಪರಿಷತ್ತು ನಡೆದಿತ್ತು. ಅದನ್ನು ಕರೆದದ್ದು ಪುಣೆಯ ಬಾಬಾ ಆಢಾವರ ಮಹಾತ್ಮಾ ಫುಲೆ ಸಮತಾ ಪ್ರತಿಷ್ಠಾನ. ಊರಿಗೊಂದೇ ನೀರಿನ ತಾಣವಿರಲೆಂದು ಹಳ್ಳಿ ಹಳ್ಳಿ ತಿರುಗಿದ ಬಳಗ. ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಗಳ ಹೆಂಗಸರು ಸುಭಾಷ್ ಜೋಶಿಯವರ ಜೊತೆಯಲ್ಲಿ ಕಾಮಗಾರ ಸಂಘ ಕಟ್ಟಿದರು. ತಂಬಾಕಿನ ದೂಳು ಕುಡಿಯುತ್ತಿದ್ದ ಆ ಹೆಂಗಸರಲ್ಲಿ ದೇವದಾಸಿಯರೂ ಇದ್ದರು. ಅವರ ಹೋರಾಟವನ್ನು ಕುರಿತು 1982ರಲ್ಲಿ ದೀಪಾ ಧನರಾಜ್ ಮತ್ತು ಯುಗಾಂತರ ಬಳಗದವರು ಚಿತ್ರವನ್ನೇ ತೆಗೆದರು. ಅಲ್ಲಿ ಕೂಲಿಯ ಪ್ರಶ್ನೆ ಎಲ್ಲರನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿತು. ಗಡಿಯಾಚೆಯ ಮರಾಠಿ, ಈಚೆಯ ಕನ್ನಡ ಎಂಬ ಭೇದ ಅಡ್ಡ ಬರಲಿಲ್ಲ. ಗಡಿತಂಟೆಯ ಭಾಷಣಗಳನ್ನೇ ಕೇಳಿ ಬೆಳೆದ ನಮಗೆ ಇದನ್ನು ಅಷ್ಟು ಸುಲಭವಾಗಿ ಒಪ್ಪಲಾಗದು, ಆ ಮಾತು ಬೇರೆ.

ಘಟಪ್ರಭೆಯ ಕೆಲಸ ತೊಂಬತ್ತರ ದಶಕದ ಮೊದಲಲ್ಲಿ ಆರಂಭವಾಯಿತು. ಮಹಿಳಾ ಅಭಿವೃದ್ಧಿ ನಿಗಮದ ಯೋಜನೆ, ಮೈರಾಡ ಸಂಸ್ಥೆಯ ಕಾರ್ಯಕರ್ತರು. ಮೈರಾಡದವರ ಒಂದು ಅನುಭವವನ್ನು ಇಲ್ಲಿ ಹೇಳಬೇಕು. ಎಂಬತ್ತರ ದಶಕದಲ್ಲಿ ದೊಡ್ಡ ಸಹಕಾರಿ ಸಂಘಗಳು ಒಡೆದಾಗ, ಪರಸ್ಪರ ನಂಬಿಕೆಯಿದ್ದ ಹದಿನೈದಿಪ್ಪತ್ತು ಮಂದಿಯ ಚಿಕ್ಕ ಗುಂಪುಗಳು ಉಳಿದುಕೊಂಡುದನ್ನು ಅವರು ಕಂಡರು. ಗುಂಪನ್ನು ಹೊರಗಿನವರು ಕಟ್ಟಲಾಗದು, ಒಳಗೆ ಮೊದಲೇ ಇರುವ ಆಪ್ತತೆಯೇ ಕಟ್ಟಬೇಕು ಎಂದು ತಿಳಿದರು. ಹಾಗಾದರೆ ನಮ್ಮ ಹಳ್ಳಿಯಲ್ಲಿ ಆಪ್ತತೆ ಎಲ್ಲಿಯದು? ಜಾತಿಯದು. ಕೆಳಗಿನವರಲ್ಲಿ ಭೇದವಿಲ್ಲವೆಂಬುದು ಮೇಲಿನ ಓಣಿಯಲ್ಲಿ ಕುಳಿತವರ ಭ್ರಮೆ. ಹೊಲೆಯರಿಗೂ ಮಾದರಿಗೂ ಹೆಣ್ಣು ಕೊಟ್ಟು ತರುವ ಮಾತಿಲ್ಲ. ಕೇರಿ ಬೇರೆ, ನೀರು ಬೇರೆ, ಸುಡುಗಾಡೂ ಬೇರೆ. ಊರಿನವರು ಇಬ್ಬರನ್ನೂ ದೂರವಿಟ್ಟರು. ಅವರು ಒಬ್ಬರನ್ನೊಬ್ಬರು ದೂರವಿಟ್ಟುಕೊಂಡರು.

ಈ ಗೋಡೆಯನ್ನು ಕೆಳಗೆ ಇಳಿಸಿದ್ದು ಯಾವ ಉಪನ್ಯಾಸವೂ ಅಲ್ಲ, ಮುತ್ತು. ಎರಡೂ ಕೇರಿಗಳ ದೇವದಾಸಿಯರಿಗೆ ಒಂದೇ ಬಗೆಯ ಬಾಳು, ಒಂದೇ ಬಗೆಯ ಮುಪ್ಪು, ಶಾಲೆಯ ರಿಜಿಸ್ಟರಿನಲ್ಲಿ ಮಕ್ಕಳ ಹೆಸರಿನ ಮುಂದೆ ಒಂದೇ ಬಗೆಯ ಖಾಲಿ ಜಾಗ. ಸಂಘವೆಂದರೆ ವಾರದ ಉಳಿತಾಯ, ಒಂದೇ ಪೆಟ್ಟಿಗೆ, ಒಂದೇ ಠರಾವು ಪುಸ್ತಕ. ಈ ಕೇರಿಯವಳು ಕಟ್ಟಿದ ದುಡ್ಡು ಆ ಕೇರಿಯವಳ ಮಗನ ಆಸ್ಪತ್ರೆಗೆ ಸಾಲವಾಗಿ ಹೋಗುತ್ತದೆ. ಯಾರಿಗೆ ಎಷ್ಟು ಎಂದು ವಾರಕ್ಕೊಮ್ಮೆ ಕೂತು ವಾದಿಸಬೇಕಾದವರು ಕೇರಿಯ ಮಡಿಯನ್ನು ಬಹುಕಾಲ ಕಾಯ್ದುಕೊಳ್ಳಲಾರರು. 1997ರಲ್ಲಿ ಈ ಹೆಂಗಸರೇ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು, ಅಂದರೆ ‘ಮಾಸ್’ ಅನ್ನು, ತಮ್ಮದಾಗಿ ಕಟ್ಟಿಕೊಂಡರು. ಮಾಣಗಾಂವದ ಹಾಗೆ ಇಲ್ಲಿಯೂ ನೆರವಿಗೆ ಬಂದವರು ಪಕ್ಕಕ್ಕೆ ಸರಿದರು. ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡಿದ್ದ ಕಬ್ಬೂರಿನ ಸೀತವ್ವ ಜೋಡಟ್ಟಿಯವರು ಅದರ ಮುಂದಾಳಾಗಿ ಬೆಳೆದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಮುತ್ತು ಕಟ್ಟುವ ಸುದ್ದಿ ಬಂದಲ್ಲಿಗೆ ಓಡಿ ಹೋಗಿ ತಡೆದವರು, ಜಾತ್ರೆಯಲ್ಲಿ ಕಾವಲು ನಿಂತವರು ಒಂದು ಕಾಲಕ್ಕೆ ತಾವೇ ಆ ಗುಡ್ಡ ಹತ್ತಿ ಮುತ್ತು ಕಟ್ಟಿಸಿಕೊಂಡವರು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಕಥೆ ಚೆನ್ನಾಗಿ ಕಾಣುತ್ತದೆ. ಆದರೆ ಹಂಚಿಕೆಯ ಪ್ರಶ್ನೆ ಬಂದಾಗ ಕೇರಿಗಳ ನಡುವಣ ಹಳೆಯ ಗೆರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಒಳಮೀಸಲಾತಿಯ ವಾದ ಸದಾಶಿವ ಆಯೋಗ ನೇಮಕವಾದ 2005ಕ್ಕಿಂತಲೂ ಹಿಂದಿನದು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವಿಂಗಡಣೆಗೆ ಸಮ್ಮತಿ ಕೊಟ್ಟ ಮೇಲೆ ಅದು ಇನ್ನಷ್ಟು ಕಾವೇರಿತು. ಇದರಿಂದ ಒಗ್ಗಟ್ಟು ಒಡೆಯಿತೆಂದು ಮರುಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಣ್ಣತಮ್ಮಂದಿರು ಲೆಕ್ಕ ಮಾಡಿಕೊಂಡರೆ ಮನೆ ಮುರಿಯುವುದಿಲ್ಲ; ಲೆಕ್ಕ ಕೇಳಿದವನನ್ನು ಮನೆಮುರುಕನೆಂದರೆ ಮುರಿಯುತ್ತದೆ. ಘಟಪ್ರಭೆಯ ಹೆಂಗಸರು ಠರಾವು ಪುಸ್ತಕ ಇಟ್ಟುಕೊಂಡದ್ದು ಲೆಕ್ಕಕ್ಕಾಗಿಯೇ.

ಲೆಕ್ಕವೆಂದಾಗ ಇನ್ನೊಂದು ನೆನಪಾಗುತ್ತದೆ. 1993–94ರ ಸರಕಾರಿ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ಮಂದಿ, 2007–08ರದರಲ್ಲಿ 23,787 ಮಂದಿ, ಒಟ್ಟು 46,660 ದೇವದಾಸಿಯರು ಎಣಿಕೆಗೆ ಸಿಕ್ಕರು. ಪಟ್ಟಿಯಲ್ಲಿ ಹೆಸರಿದ್ದವಳಿಗೆ ಮಾಸಾಶನದ ದಾರಿ. ಇಲ್ಲದವಳಿಗೆ ಕಚೇರಿಯ ಮೆಟ್ಟಿಲು. ಹೆಸರು ಸೇರಿದ್ದವಳು ಸೇರದವಳಿಗಾಗಿ ಧರಣಿ ಕುಳಿತದ್ದನ್ನು ನಮ್ಮ ಜಿಲ್ಲಾ ಪತ್ರಿಕೆಗಳು ಎರಡು ಸಾಲಿನಲ್ಲಿ ಮುಗಿಸುತ್ತವೆ.

ಇದೆಲ್ಲ ಕೇರಿಗಳೊಳಗಿನ ಮಾತಾಯಿತು. ಊರಿನ ಮಾತು ಉಳಿದಿದೆ. ವಿಧಾನಮಂಡಲ 2025ರಲ್ಲಿ ಒಪ್ಪಿದ ಹೊಸ ಮಸೂದೆ ದೇವದಾಸಿಯ ಮಕ್ಕಳಿಗೆ ತಂದೆ ಯಾರೆಂಬುದನ್ನು ಸ್ಥಾಪಿಸಿಕೊಳ್ಳುವ ಹಕ್ಕು ಕೊಟ್ಟಿತು. ದಾಖಲೆಗಳಲ್ಲಿ ತಂದೆಯ ಹೆಸರನ್ನು ಕಡ್ಡಾಯ ಮಾಡಬಾರದೆಂದೂ ಹೇಳಿತು. ಆ ತಂದೆ ಅನೇಕ ವೇಳೆ ಕೇರಿಯವನಲ್ಲ, ಹೊಲಮನೆಯುಳ್ಳ ಓಣಿಯವನು. ಅವನಾರೆಂಬುದು ಆ ಓಣಿಯಲ್ಲಿ ಗುಟ್ಟೂ ಅಲ್ಲ. ಕಟ್ಟೆಯ ಮೇಲೆ ಕೂತವರಿಗೆಲ್ಲ ಗೊತ್ತಿರುತ್ತದೆ. ನಾಳೆ ಒಬ್ಬ ಹುಡುಗ ಆ ಹಕ್ಕನ್ನು ಹಿಡಿದು ಗೋಕಾಕದ ಕೋರ್ಟಿಗೋ ಹುಕ್ಕೇರಿಯ ಕೋರ್ಟಿಗೋ ಹೋದಾನು. ಸಮನ್ಸು ಬಂದ ದಿನ ಆ ಕಟ್ಟೆಯವರಲ್ಲಿ ಎಷ್ಟು ಮಂದಿ ಊರಲ್ಲಿರುತ್ತಾರೆ, ಎಷ್ಟು ಮಂದಿ ಬೀಗರ ಊರಿಗೆ ಹೋಗಿರುತ್ತಾರೆ ಎಂಬುದನ್ನು ಇನ್ನು ನೋಡಬೇಕಾಗಿದೆ.