ಮನೆವಾರ್ತೆಯಲ್ಲಿ ಮಿತವ್ಯಯ

(ಸಾರ್ವಜನಿಕ ವಾಚನಾಲಯವೊಂದರಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಈ ವಾಚನಾಲಯದ ಚಾಲಕರು ನನ್ನ ಮನೆಗೆ ಬಂದು, ಮಿತವ್ಯಯದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕೇಳಿದಾಗ ನನಗೆ ಬಹಳ ಸಂಕೋಚವಾಯಿತು. ನಾನು ಅರ್ಥಶಾಸ್ತ್ರವನ್ನು ಓದಿದವನಲ್ಲ. ಮೂವತ್ತಾರು ವರುಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಕೂಡಿಸುವ, ಕಳೆಯುವ ಲೆಕ್ಕ ಕಲಿಸಿದವನು. ಪರರ ಮಕ್ಕಳಿಗೆ ಲೆಕ್ಕ ಕಲಿಸಿದ ನಾನು ನನ್ನ ಮನೆಯ ಲೆಕ್ಕವನ್ನು ಕಲಿತದ್ದು ಬಹಳ ತಡವಾಗಿ. ಆ ತಡದ ಬೆಲೆಯನ್ನು ತೆತ್ತವರು ನನ್ನ ಮನೆಯ ಹೆಂಗಸರು. ಆದುದರಿಂದ ಉಪದೇಶ ಮಾಡುವ ಅಧಿಕಾರವು ನನಗಿಲ್ಲದಿದ್ದರೂ ತಪ್ಪೊಪ್ಪಿಕೊಳ್ಳುವ ಅಧಿಕಾರವಾದರೂ ಉಂಟೆಂದು ಬಗೆದು ನಿಮ್ಮೆದುರಿಗೆ ನಿಂತಿದ್ದೇನೆ.

ಮಿತವ್ಯಯವೆಂದರೆ ಜಿಪುಣತನವೆಂಬ ಭಾವನೆಯು ನಮ್ಮ ಜನರಲ್ಲಿ ಬೇರೂರಿರುವದು. ಕೈ ಬಿಗಿ ಹಿಡಿದು ಬಾಳುವವನನ್ನು ಕಂಡು ನಗುವರು; ಸಾಲ ತಂದು ಊರಿಗೆ ಉಣಬಡಿಸಿದವನನ್ನು ಉದಾರಿಯೆಂದು ಹೊಗಳುವರು. ಅವಶ್ಯವಿದ್ದಲ್ಲಿಯೂ ಹಣ ಬಿಚ್ಚದಿರುವದು ಜಿಪುಣತನ. ಅವಶ್ಯವಿಲ್ಲದಲ್ಲಿ ಚೆಲ್ಲುವದು ದುಂದುಗಾರಿಕೆ. ಯಾವದಕ್ಕೆ ಎಷ್ಟೆಂಬದನ್ನು ಮುಂಚಿತವಾಗಿ ಯೋಚಿಸಿ ಕೊಡುವದು ಮಿತವ್ಯಯ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಒಂದೇ ಹಾಸಿಗೆಯ ಮೇಲೆ ಮನೆಯ ಆರು ಮಂದಿ ಮಲಗಿರುವಾಗ, ಯಜಮಾನನು ತನ್ನ ಕಾಲನ್ನು ಪೂರ್ತಿಯಾಗಿ ಚಾಚಿ, ಉಳಿದವರಿಗೆ ಮುದುಡಿಕೊಳ್ಳಿರೆಂದು ಹೇಳಿದರೆ ಅದು ಮಿತವ್ಯಯವಾದೀತೇ? ಇಂದು ನಾನು ಹೇಳಬೇಕೆಂದಿರುವದು ಮುಖ್ಯವಾಗಿ ಇದನ್ನೇ.

ನನ್ನ ಕಥೆಯನ್ನೇ ಕೇಳಿರಿ. ೧೯೯೩ರಲ್ಲಿ ನನ್ನ ತಂಗಿಯ ಮದುವೆಯಾಯಿತು. ಬೀಗರ ಮುಂದೆ ಮಾನ ಹೋಗಬಾರದು, ನಾಲ್ಕು ಮಂದಿಯಲ್ಲಿ ಕೀಳಾಗಬಾರದು ಎಂದು ಒಬ್ಬ ಸಾಹುಕಾರರಲ್ಲಿ ೧೫,೦೦೦ ರೂಪಾಯಿ ಸಾಲ ಮಾಡಿದೆನು. ಬಡ್ಡಿಯು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ. ಮೂರೇ ರೂಪಾಯಿಯೆಂದು ಕೇಳಲಿಕ್ಕೆ ಹಗುರಾಗಿದ್ದಿತು. ತಿಂಗಳಿಗೆ ೪೫೦ ರೂಪಾಯಿಯಂತೆ ವರುಷಕ್ಕೆ ೫,೪೦೦ ಆಯಿತು. ಮೂರು ವರುಷಗಳಲ್ಲಿ ೧೬,೨೦೦ ರೂಪಾಯಿ ಬಡ್ಡಿ ಕಟ್ಟಿದೆನು. ಅಸಲು ಮಾತ್ರ ಇದ್ದಲ್ಲಿಂದ ಕದಲಲಿಲ್ಲ. ಆಗಿನ ನನ್ನ ಸಂಬಳದಲ್ಲಿ ಹೆಚ್ಚು ಕಡಿಮೆ ಐದರಲ್ಲೊಂದು ಪಾಲು ಬಡ್ಡಿಗೇ ಹೋಗುತ್ತಿದ್ದಿತು.

ಖರ್ಚು ಕಡಿಮೆ ಮಾಡಬೇಕೆಂದು ಮನೆಯಲ್ಲಿ ಅಪ್ಪಣೆ ಮಾಡಿದೆನು. ದಿನದ ಒಂದು ಲೀಟರು ಹಾಲು ಅರ್ಧ ಲೀಟರಿಗೆ ಇಳಿಯಿತು. ಮಿಕ್ಕದ್ದನ್ನು ಹೇಗೆ ಸರಿದೂಗಿಸಿದರೆಂದು ನಾನು ಕೇಳಲಿಲ್ಲ. ನನ್ನ ತಟ್ಟೆಗೆ ಎಂದಿನಂತೆ ರೊಟ್ಟಿ, ಪಲ್ಯ, ಬೇಳೆ ಬರುತ್ತಿದ್ದುವು. ಒಂದು ದಿವಸ ಮಧ್ಯಾಹ್ನ ಊಟ ಮಾಡಿ ಶಾಲೆಯ ಹಾದಿ ಹಿಡಿದವನು, ಕನ್ನಡಕ ಮರೆತದ್ದರಿಂದ ಅರ್ಧ ದಾರಿಯಿಂದ ತಿರುಗಿ ಬಂದೆನು. ನನ್ನ ತಾಯಿಯೂ ಹೆಂಡತಿಯೂ ಒಲೆಯ ಮುಂದೆ ಉಣ್ಣುತ್ತ ಕುಳಿತಿದ್ದರು. ತಟ್ಟೆಯಲ್ಲಿದ್ದದ್ದು ರೊಟ್ಟಿ, ಖಾರ, ನೀರು ಬೆರೆಸಿದ ಮಜ್ಜಿಗೆ. ಬೇಳೆಯ ಪಾತ್ರೆಯು ಬರಿದಾಗಿದ್ದಿತು. ನಾನು ಬಾಗಿಲಲ್ಲಿ ನಿಂತದ್ದನ್ನು ಕಂಡು ತಾಯಿಯು, "ಬ್ಯಾಳಿ ತುಟ್ಟಿ ಆಗ್ಯಾವಪ್ಪಾ, ದುಡಿಯಾಂವ ನೀನು, ನಿನಗ ಬೇಕು" ಎಂದಳು. ಅವಳ ದನಿಯಲ್ಲಿ ದೂರಿನ ಸುಳಿವೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಆ ರಾತ್ರಿ ಶಾಲೆಯ ಹಳೆಯ ವಹಿಯೊಂದರ ಖಾಲಿ ಹಾಳೆಯಲ್ಲಿ ಮೊದಲ ಸಲ ನನ್ನ ಸ್ವಂತ ಖರ್ಚನ್ನು ಬರೆದೆನು. ಗೆಳೆಯರೊಡನೆ ಹೋಟೆಲಿನಲ್ಲಿ ಚಹ, ಎಲೆ ಅಡಿಕೆ, ಹೀಗೆ ದಿನಕ್ಕೆ ೪ ರೂಪಾಯಿ, ತಿಂಗಳಿಗೆ ೧೨೦. ನಮ್ಮೂರಿನಲ್ಲಿ ಆಗ ಹಾಲು ಲೀಟರಿಗೆ ೭ ರೂಪಾಯಿ. ನಿಲ್ಲಿಸಿದ ಅರ್ಧ ಲೀಟರು ಹಾಲಿಗೆ ತಿಂಗಳಿಗೆ ೧೦೫. ಎರಡು ಅಂಕಿಗಳು ಒಂದರ ಕೆಳಗೊಂದು ಇದ್ದುವು. ಮನೆಯವರ ಹಾಲನ್ನು ಕಡಿದು ನಾನು ಉಳಿಸಿದ್ದಕ್ಕಿಂತ ಹೆಚ್ಚು ಹಣವನ್ನು ಹೋಟೆಲಿನ ಬೆಂಚಿನ ಮೇಲೆ ಕಳೆಯುತ್ತಿದ್ದೆನು. ಕಳೆಯುವ ಲೆಕ್ಕವನ್ನು ಅಷ್ಟು ಸ್ಪಷ್ಟವಾಗಿ ನಾನು ಯಾವ ತರಗತಿಯಲ್ಲಿಯೂ ಕಂಡಿರಲಿಲ್ಲ. ಮಾರನೆಯ ದಿನದಿಂದ ಹೋಟೆಲು ತಪ್ಪಿತು. ಹಾಲು ಮನೆಗೆ ಮರಳಿತು.

ಬಂಧುಗಳೇ, ಇದು ನನ್ನೊಬ್ಬನ ಮನೆಯ ಮಾತೆಂದು ತಿಳಿಯಬೇಡಿರಿ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ ನಮ್ಮ ದೇಶದಲ್ಲಿ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ೫೭ ಜನರಿಗೆ ರಕ್ತಹೀನತೆ ಇದ್ದಿತು. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ ೨೫. ಇದಕ್ಕೆ ಕಾರಣಗಳು ಹಲವು ಇರುವವು. ಆದರೂ ಎಲ್ಲರದೂ ಆದ ಮೇಲೆ ಉಳಿದದ್ದನ್ನು ಉಣ್ಣುವ ನಮ್ಮ ಮನೆಗಳ ರೂಢಿಯು ಆ ಅಂಕಿಗಳಿಗೆ ಏನೂ ಸಂಬಂಧಪಟ್ಟದ್ದಲ್ಲವೆಂದು ಎದೆ ಮುಟ್ಟಿ ಹೇಳುವ ಧೈರ್ಯ ನನಗಂತೂ ಇಲ್ಲ.

ಹಾಗಾದರೆ ಮಿತವ್ಯಯವನ್ನು ಎಲ್ಲಿಂದ ಆರಂಭಿಸಬೇಕು? ಮೊದಲನೆಯದಾಗಿ ಖರ್ಚಿನ ವಹಿಯಿಂದ. ಒಂದು ತಿಂಗಳವರೆಗೆ ಏನನ್ನೂ ಕಡಿಮೆ ಮಾಡಬೇಡಿರಿ, ಬರೆಯುವದಷ್ಟೇ ಕೆಲಸ. ಎರಡು ರೂಪಾಯಿಯಾದರೂ ಸರಿ, ಆ ದಿನವೇ ಬರೆಯಬೇಕು. ಯಜಮಾನನ ಖರ್ಚು ಮೊದಲನೆಯ ಪುಟದಲ್ಲಿರಬೇಕು. ಹಿಂದೆ ನೋಟು ಕೈಬಿಡುವಾಗ ಮನಸ್ಸಿಗೆ ಚುರುಕೆನ್ನುತ್ತಿದ್ದಿತು. ೨೦೧೬ರಲ್ಲಿ ಯುಪಿಐ ಪದ್ಧತಿ ಬಂದ ಮೇಲೆ ಮೊಬೈಲನ್ನು ಹಿಡಿದರೆ ಸಾಕು, ಹಣ ಹೋದದ್ದೇ ತಿಳಿಯದು. ಅನುಕೂಲವು ದೊಡ್ಡದೇ; ಆದರೆ ತಿಳಿಯದೆ ಹೋಗುವ ಹಣಕ್ಕೆ ವಹಿಯ ಕಾವಲು ಹೆಚ್ಚು ಬೇಕು. ಆ ಮೊಬೈಲೇ ಹೋದ ಹಣದ ಪಟ್ಟಿಯನ್ನೂ ತೋರಿಸುವದು. ಅದನ್ನು ವಾರಕ್ಕೊಮ್ಮೆ ವಹಿಗೆ ಇಳಿಸಿಕೊಳ್ಳಿರಿ. ತಿಂಗಳ ಕೊನೆಗೆ ಮನೆಯವರೆಲ್ಲರೂ, ಓದುವ ಮಕ್ಕಳು ಸಹ, ಕುಳಿತು ಆ ವಹಿಯನ್ನು ನೋಡಬೇಕು. ಯಾವದನ್ನು ಬಿಡಬಹುದೆಂಬ ಮಾತು ಅಲ್ಲಿ ಎಲ್ಲರ ಒಪ್ಪಿಗೆಯಿಂದ ಆಗಬೇಕು.

ಎರಡನೆಯದು ಬಡ್ಡಿ. ಸೋರುವ ಕೊಡಕ್ಕೆ ಎಷ್ಟು ನೀರು ಸುರಿದರೇನು? ಅಡಿಗೆಮನೆಯಲ್ಲಿ ವರುಷವೆಲ್ಲ ಹೆಣಗಿ ಉಳಿಸಿದ್ದನ್ನು ಬಡ್ಡಿಯು ಕೆಲವೇ ತಿಂಗಳಲ್ಲಿ ನುಂಗುವದು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಶಿಕ್ಷಕರ ಪತ್ತಿನ ಸಹಕಾರಿ ಸಂಘಕ್ಕೆ ಸದಸ್ಯನನ್ನಾಗಿ ಮಾಡಿದರು. ಅಲ್ಲಿ ವರುಷಕ್ಕೆ ನೂರಕ್ಕೆ ೧೫ರ ಬಡ್ಡಿಯಲ್ಲಿ ೧೫,೦೦೦ ರೂಪಾಯಿ ತೆಗೆದು ಸಾಹುಕಾರರ ಕಾಗದ ಹರಿಸಿದೆನು. ಮೊದಲಿನಂತೆ ತಿಂಗಳಿಗೆ ೪೫೦ ರೂಪಾಯಿಯನ್ನೇ ಕಟ್ಟುತ್ತ ಹೋದೆನು. ಮೂರು ವರುಷ ಕಟ್ಟಿದರೂ ಕದಲದಿದ್ದ ಸಾಲವು ಅಷ್ಟೇ ಹಣದಲ್ಲಿ ನಾಲ್ಕು ವರುಷ ತುಂಬುವ ಮೊದಲೇ ಅಸಲು ಬಡ್ಡಿ ಸಹಿತ ತೀರಿತು.

ಈ ಸಹಕಾರದ ಹಾದಿಯನ್ನು ನಮಗೆ ಹೊರಗಿನವರು ಬಂದು ತೋರಿಸಬೇಕಾಗಿಲ್ಲ. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆಯಾದ ಮರುವರುಷವೇ, ೧೯೦೫ರಲ್ಲಿ, ಗದಗದ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರನ್ನು ಕೂಡಿಸಿ ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ದೇಶದ ಮೊಟ್ಟಮೊದಲನೆಯ ಕೃಷಿ ಪತ್ತಿನ ಸಂಘವೆಂಬ ಕೀರ್ತಿ ಅದಕ್ಕೆ ಸಂದಿದೆ. ಒಬ್ಬೊಬ್ಬನಿಗೆ ಹೊರಲಾರದ ಭಾರವನ್ನು ಹತ್ತು ಮಂದಿ ಹೊರಬಹುದೆಂಬದನ್ನು ಆ ಸಣ್ಣ ಹಳ್ಳಿಯು ತೋರಿಸಿಕೊಟ್ಟಿತು. ಆದರೆ ಸಂಘವೆಂಬ ಹೆಸರನ್ನು ನೋಡಿಯೇ ನಂಬಬೇಡಿರಿ. ಲೆಕ್ಕ ತಪಾಸಣೆಯ ವರದಿಯನ್ನು ಕೇಳಿರಿ. ವಾರ್ಷಿಕ ಸಭೆಗೆ ಹೋಗಿರಿ. ಹೆಚ್ಚಿನ ಬಡ್ಡಿಯ ಆಸೆ ತೋರಿಸಿ ಠೇವಣಿ ಕೇಳುವವರಿಂದ ದೂರವಿರಿ.

ಇಂದಿನ ಸಾಹುಕಾರನು ಪಗಡಿ ಸುತ್ತಿಕೊಂಡು ಮನೆಯ ಕಟ್ಟೆಗೆ ಬರುವದಿಲ್ಲ. ಆತನು ಅಂಗಡಿಯ ಕಂತಿನ ರೂಪದಲ್ಲಿಯೂ ಕ್ರೆಡಿಟ್ ಕಾರ್ಡಿನ ರೂಪದಲ್ಲಿಯೂ ಬರುವನು. ಗಡುವಿನೊಳಗೆ ಪೂರ್ತಿ ಹಣ ಕಟ್ಟದಿದ್ದರೆ ಅನೇಕ ಕಾರ್ಡುಗಳ ಮೇಲೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಗೂ ಮಿಕ್ಕಿ ಬಡ್ಡಿ ಬೀಳುವದು. ೧೯೯೩ರಲ್ಲಿ ನನ್ನ ಕೊರಳಿಗೆ ಬಿದ್ದ ಉರುಳು ಇಷ್ಟೇ ಬಿಗಿಯಾಗಿದ್ದಿತು! ಇನ್ನು ಶೂನ್ಯ ಬಡ್ಡಿಯ ಕಂತೆಂಬ ಮಾತು. ಹಾಗೊಂದು ವಸ್ತುವೇ ಇಲ್ಲ, ಬಡ್ಡಿಯನ್ನು ಬೇರೆ ಶುಲ್ಕದ ರೂಪದಲ್ಲಿ ಅಡಗಿಸಲಾಗುವದೆಂಬ ಅರ್ಥದಲ್ಲಿ ರಿಸರ್ವ್ ಬ್ಯಾಂಕೇ ೨೦೧೩ರಲ್ಲಿ ಬ್ಯಾಂಕುಗಳಿಗೆ ಎಚ್ಚರಿಸಿತು. ರೊಕ್ಕ ಕೊಟ್ಟರೆ ಎಷ್ಟು, ಕಂತಿನಲ್ಲಿ ಒಟ್ಟು ಎಷ್ಟು, ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಯಾವ ವಸ್ತುವನ್ನೂ ಕೊಳ್ಳಬೇಡಿರಿ.

ಮೂರನೆಯದು ಮದುವೆ. ನಮ್ಮ ಜನರ ಸಾಲಗಳಲ್ಲಿ ಎಷ್ಟೋ ಸಾಲಗಳು ಹಂದರದ ಕೆಳಗೆ ಹುಟ್ಟುವವು. ಮೂರು ದಿನದ ಹೊಗಳಿಕೆಗಾಗಿ ಹತ್ತು ವರುಷದ ಋಣ! ಕುವೆಂಪು ಅವರು 'ಮಂತ್ರಮಾಂಗಲ್ಯ'ವೆಂಬ ಸರಳ ವಿವಾಹ ಪದ್ಧತಿಯನ್ನು ರೂಪಿಸಿದ್ದಲ್ಲದೆ, ೧೯೬೬ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಅದೇ ರೀತಿಯಿಂದ ನಡೆಯಿಸಿದರು. ಧರ್ಮಸ್ಥಳದಲ್ಲಿ ೧೯೭೨ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತ ಬಂದಿವೆ. ಬಡವರು ಸಾಮೂಹಿಕ ವಿವಾಹಕ್ಕೆ ಹೋಗಲಿ, ನಾವು ಮಾತ್ರ ಕಲ್ಯಾಣಮಂಟಪಕ್ಕೆ, ಎಂದು ನಮ್ಮಂಥ ಮಧ್ಯಮ ವರ್ಗದವರು ನುಣುಚಿಕೊಳ್ಳುವದು ಸಲ್ಲದು. ಶಿಕ್ಷಕನೇ ತನ್ನ ಮಗಳ ಮದುವೆಯನ್ನು ಐವತ್ತು ಜನರ ಊಟದಲ್ಲಿ ಮುಗಿಸಿದರೆ ಊರಿನ ಹತ್ತು ಒಕ್ಕಲಿಗರಿಗೆ ಹಾಗೆ ಮಾಡಲಿಕ್ಕೆ ಧೈರ್ಯ ಬರುವದು. ನಾನು ನನ್ನ ಮಗಳ ಮದುವೆಯನ್ನು ಹಾಗೆಯೇ ಮಾಡಿದೆನು. ಆಡಿಕೊಂಡವರು ಆಡಿಕೊಂಡರು, ಬಡ್ಡಿ ಕೇಳಲಿಕ್ಕೆ ಮಾತ್ರ ಯಾರೂ ಬರಲಿಲ್ಲ.

ಇಷ್ಟಾದ ಮೇಲೆ ಅಡಿಗೆಮನೆಯ ಮಾತು. ಇಲ್ಲಿ ಕಲಿಸುವ ಯೋಗ್ಯತೆ ನಮ್ಮ ತಾಯಂದಿರಿಗೇ ಇದೆ. ತೊಗರಿ, ಜೋಳ, ಹುಣಸೆ, ಬ್ಯಾಡಗಿ ಮೆಣಸಿನಕಾಯಿಗಳನ್ನು ಸುಗ್ಗಿಯ ಕಾಲಕ್ಕೆ ಕೊಂಡು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೇವಿನೆಲೆಯಿಟ್ಟು ಕಾಪಾಡುವದು ಅವರಿಂದ ಬಂದ ವಿದ್ಯೆ. ಹಳೆಯ ಸೀರೆಗಳು ಕೌದಿಯಾಗುತ್ತಿದ್ದುವು. ಮಿಕ್ಕ ರೊಟ್ಟಿಯು ಕಟಕಟಿಯಾಗಿ ಪ್ರಯಾಣದ ಬುತ್ತಿಯಾಗುತ್ತಿದ್ದಿತು. ಆದರೆ ಸೋವಿಯೆಂದು ಬೇಕಾದದ್ದಕ್ಕಿಂತ ಹೆಚ್ಚು ತಂದು ಹುಳಕ್ಕೆ ಒಪ್ಪಿಸುವದು ಉಳಿತಾಯವಲ್ಲ. ಉರುವಲಿನ ವಿಷಯದಲ್ಲಿ ಒಂದು ಸಣ್ಣ ಶಾಸ್ತ್ರವನ್ನು ನೆನಪಿಡಿರಿ: ತೆರೆದ ಪಾತ್ರೆಯಲ್ಲಿ ನೀರು ಒಮ್ಮೆ ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ನೀರಿನ ಶಾಖವು ಹೆಚ್ಚುವದಿಲ್ಲ, ಅನಿಲವು ಮಾತ್ರ ಹೆಚ್ಚು ಉರಿಯುವದು. ಆದುದರಿಂದ ಕುದಿ ಬಂದೊಡನೆ ಉರಿ ತಗ್ಗಿಸಿ ಮುಚ್ಚಳ ಮುಚ್ಚುವದು. ಬೇಳೆ ಕಾಳುಗಳನ್ನು ಮುಂಚೆಯೇ ನೆನೆಯಿಡುವದು. ದೀಪದ ಲೆಕ್ಕವೂ ಇದರಂತೆಯೇ. ೬೦ ವ್ಯಾಟಿನ ಹಳೆಯ ಬಲ್ಬು ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ ೯ ಯೂನಿಟ್. ಹೆಚ್ಚು ಕಡಿಮೆ ಅಷ್ಟೇ ಬೆಳಕು ಕೊಡುವ ೯ ವ್ಯಾಟಿನ ಎಲ್‌ಇಡಿ ದೀಪಕ್ಕೆ ಒಂದೂವರೆ ಯೂನಿಟ್ಟೂ ಆಗದು. ತೆನೆ ತೆನೆ ಕೂಡಿದರೆ ಬಳ್ಳವಾಗುವದು ಹೀಗೆಯೇ.

ಕಡಿಯಬಾರದ ಖರ್ಚುಗಳನ್ನೂ ಹೇಳಿಬಿಡುವೆನು. ಮಕ್ಕಳ ಹಾಲು, ಬಾಣಂತಿಯ ಆರೈಕೆ, ಮುದುಕರ ಔಷಧ, ಹೆಣ್ಣು ಮಗುವಿನ ಓದು, ಇವುಗಳಿಗೆ ಕತ್ತರಿ ಹಾಕಿ ಉಳಿಸಿದ ಹಣವು ಮುಂದೆ ಇಮ್ಮಡಿಯಾಗಿ ಕೈಬಿಡುವದು. ಮಗನಿಗೆ ಇಂಗ್ಲಿಷ್ ಶಾಲೆ, ಮಗಳಿಗೆ ಮನೆಗೆಲಸ ಎಂಬ ಉಳಿತಾಯವು ಪಾಪದ ಉಳಿತಾಯ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನೆಂಬ ಶರಣ ದಂಪತಿಗಳಿದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮನು ಅದನ್ನು ನೋಡಿ, ನಮಗೆ ಬೇಕಾದದ್ದಕ್ಕಿಂತ ಹೆಚ್ಚು ಬೇಡ, ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳೆಂದು ಪರಂಪರೆಯು ಹೇಳುವದು. ಆ ಬಡ ಮನೆಯಲ್ಲಿ ಎಷ್ಟು ಸಾಕೆಂಬದನ್ನು ನಿರ್ಣಯಿಸಿದವಳು ಹೆಣ್ಣು. ಆ ಮಾತನ್ನು ಕೇಳಿ ನಡೆದವನು ಗಂಡು. ನಮ್ಮ ಮನೆಗಳಲ್ಲಿ ಸಾಕೆಂಬದನ್ನು ನುಂಗುವ ಕೆಲಸವನ್ನು ಹೆಣ್ಣಿಗೆ ಕೊಟ್ಟು, ನಿರ್ಣಯಿಸುವ ಅಧಿಕಾರವನ್ನು ನಾವು ಇಟ್ಟುಕೊಂಡಿದ್ದೇವೆ.

ಶಿಕ್ಷಕ ಬಂಧುಗಳೇ, ಇಂದು ಮನೆಗೆ ಹೋದೊಡನೆ ಒಂದು ವಹಿಯನ್ನು ತೆಗೆದು ಮೊದಲನೆಯ ಪುಟದಲ್ಲಿ ನಿಮ್ಮ ಸ್ವಂತ ಖರ್ಚನ್ನು ಬರೆಯಿರಿ. ನಾಳೆ ಮಧ್ಯಾಹ್ನ ಮನೆಯವರೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಿರಿ. ಯಾರ ತಟ್ಟೆಯಲ್ಲಿ ಏನಿದೆಯೆಂಬದನ್ನು ಕಣ್ಣಾರೆ ನೋಡಿರಿ. ನನ್ನ ತಾಯಿ ಈಗ ಇಲ್ಲ. ಆ ಮೂರು ವರುಷದ ಬೇಳೆಯನ್ನು ನಾನು ಅವಳಿಗೆ ಮರಳಿ ಕೊಡಲಾರೆನು. ನಿಮ್ಮ ಮನೆಯಲ್ಲಿ ಇನ್ನೂ ಹೊತ್ತು ಮೀರಿಲ್ಲ.