ಪರದೆಯ ಹಾವು, ಹೊಲದ ಹಾವು



ಕೆಲವು ತಿಂಗಳ ಹಿಂದೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ರಾಯಚೂರು ಜಿಲ್ಲೆ ಮಸ್ಕಿ ತಾಲೂಕಿನ ಪಾಮನಕಲ್ಲೂರಿಗೆ ಹೋಗಿದ್ದೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಅದೇ ಮಸ್ಕಿಯಲ್ಲಿ ಎಂಬುದು ನಿಮಗೆ ಗೊತ್ತೇ ಇದೆ. ಸಂಜೆ ಕೆಲಸ ಮುಗಿದು ಕ್ಯಾಮೆರಾ ಕಟ್ಟಿಡುವ ಹೊತ್ತಿಗೆ ಹತ್ತು ಹನ್ನೆರಡು ಜನ ಹುಡುಗ ಹುಡುಗಿಯರು ಸುತ್ತ ನೆರೆದರು. ಮಾತು ಸಹಜವಾಗಿಯೇ ಸಿನಿಮಾದತ್ತ ತಿರುಗಿತು. ಒಬ್ಬ ಹುಡುಗ ಕೇಳಿದ: “ಸರ, ಹಾವು ಸೇಡು ಇಟ್ಕೊಂಡು ಹುಡುಕ್ಕೊಂತ ಬಂದು ಕಡೀತೈತಂತ, ಖರೇ ಏನ್ರಿ?”

“ಇಲ್ಲಪ್ಪ, ಅದು ಕಥೆ” ಎಂದೆ.

ಹಿಂದೆ ನಿಂತಿದ್ದ ಹುಡುಗಿ ಬಿಡಲಿಲ್ಲ. “ಮತ್ತ ಸಿನಿಮಾದಾಗ ಹಂಗ ಯಾಕ ತೋರಸ್ತೀರ್ರಿ?”

ನಾನು ಉತ್ತರ ಹುಡುಕುತ್ತಿರುವಾಗಲೇ ಇನ್ನೊಬ್ಬ ಹುಡುಗ ಮೆಲ್ಲಗೆ ಹೇಳಿದ. ಅವರ ಕಾಕಾನಿಗೆ ಹೊಲದಲ್ಲಿ ಹಾವು ಕಚ್ಚಿತ್ತಂತೆ. ಜೊತೆಯಲ್ಲಿದ್ದವರು ಕಾಲಿಗೆ ಹಗ್ಗ ಬಿಗಿದು, ಬ್ಲೇಡಿನಿಂದ ಗಾಯ ಕೊಯ್ದು ರಕ್ತ ಹರಿಸಿದರಂತೆ. “ಸಿನಿಮಾದಾಗ ಮಾಡ್ತಾರಲ್ರಿ, ಹಂಗ.” ಆಸ್ಪತ್ರೆ ಮುಟ್ಟುವ ಹೊತ್ತಿಗೆ ತಡವಾಗಿತ್ತು. ಕಾಕಾ ಉಳಿಯಲಿಲ್ಲ.

ಅಂದು ಆ ಹುಡುಗಿಗೆ ನಾನು ಸರಿಯಾದ ಉತ್ತರ ಕೊಡಲಿಲ್ಲ. ಇಂದಿನ ಈ ಭಾಷಣ ಆ ಉತ್ತರ ಎಂದೇ ತಿಳಿಯಿರಿ.

ಪ್ರಾಣಿಯ ಭಯವನ್ನು ಅಪರಾಧದ ಕಥೆಗೆ ಬೆರೆಸುವುದು ಸಿನಿಮಾಕ್ಕಿಂತ ಹಳೆಯದು. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ 1892ರಲ್ಲಿ ‘ದಿ ಸ್ಪೆಕಲ್ಡ್ ಬ್ಯಾಂಡ್’ ಎಂಬ ಕಥೆ ಬರೆದರು. ಭಾರತದಲ್ಲಿ ಕೆಲಕಾಲ ಇದ್ದು ಇಂಗ್ಲೆಂಡಿಗೆ ಮರಳಿದ ವೈದ್ಯನೊಬ್ಬ, ಆಸ್ತಿಯ ಆಸೆಗೆ ತನ್ನ ಮಲಮಗಳ ಕೋಣೆಗೆ ಗೋಡೆಯ ಕಿಂಡಿಯಿಂದ ವಿಷದ ಹಾವನ್ನು ಇಳಿಬಿಡುತ್ತಾನೆ. ಹಾವಿಗೆ ಹಾಲು ಕುಡಿಸಿ ಪಳಗಿಸಿರುತ್ತಾನೆ, ಸೀಟಿ ಹೊಡೆದು ಹಿಂದಕ್ಕೆ ಕರೆಯುತ್ತಾನೆ. ಓದುತ್ತಿದ್ದರೆ ಮೈ ಜುಮ್ಮೆನ್ನುತ್ತದೆ. ಆದರೆ ವಿಜ್ಞಾನದ ವಿದ್ಯಾರ್ಥಿಯಾಗಿ ಓದಿ ನೋಡಿ. ಹಾವು ಮಾಂಸಾಹಾರಿ, ಹಾಲು ಅದರ ಆಹಾರವಲ್ಲ. ದಿನಗಟ್ಟಲೆ ನೀರು ಕೊಡದೆ ಇಟ್ಟ ಹಾವು ಬಾಯಾರಿಕೆಯಿಂದ ಏನನ್ನಾದರೂ ಕುಡಿದೀತು, ಅಷ್ಟೆ. ಹಾವಿಗೆ ಹೊರಕಿವಿ ಇಲ್ಲ. ನೆಲದ ಅದುರನ್ನೂ ಕೆಲವು ತಗ್ಗು ಸ್ವರಗಳನ್ನೂ ಅದು ಗ್ರಹಿಸಬಲ್ಲದು, ಸೀಟಿಯಂಥ ಎತ್ತರದ ಸ್ವರ ಅದರ ಪಾಲಿಗೆ ಇಲ್ಲದ ಹಾಗೆಯೇ.

ಅದೇ ಲೇಖಕರ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಕಾದಂಬರಿ 1902ರಲ್ಲಿ ಪುಸ್ತಕವಾಗಿ ಬಂತು. ಮನೆತನಕ್ಕೆ ಶಾಪವಾಗಿ ಕಾಡುವ ದೆವ್ವದ ನಾಯಿ, ಕತ್ತಲಲ್ಲಿ ಬೆಂಕಿಯಂತೆ ಹೊಳೆಯುವ ಅದರ ಮುಖ. ಕೊನೆಗೆ ತಿಳಿಯುವುದೇನು? ಅದು ಸಾಮಾನ್ಯ ನಾಯಿ, ಮುಖಕ್ಕೆ ರಂಜಕ ಬಳಿಯಲಾಗಿದೆ. ಇಲ್ಲಿಯೂ ಒಂದು ತೊಡಕಿದೆ. ಕತ್ತಲಲ್ಲಿ ಹೊಳೆಯುವ ಬಿಳಿ ರಂಜಕ ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೇ ಹೊತ್ತಿಕೊಳ್ಳುತ್ತದೆ, ಮೇಲಾಗಿ ಅದು ಭಯಂಕರ ವಿಷ. ಮುಖ ನೆಕ್ಕಿಕೊಂಡ ನಾಯಿ ಯಾರನ್ನೂ ಬೆನ್ನಟ್ಟುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ವಿಜ್ಞಾನ ತಪ್ಪಿದ್ದರೂ ಈ ಎರಡೂ ಕಥೆಗಳಲ್ಲಿ ಒಂದು ದೊಡ್ಡ ಸತ್ಯವಿದೆ. ಎರಡರಲ್ಲಿಯೂ ಕೊಲೆಗಾರ ಮನುಷ್ಯ, ಪ್ರಾಣಿ ಅವನ ಕೈಯ ಆಯುಧ. ಪತ್ತೇದಾರ “ಪ್ರಾಣಿ ಏಕೆ ಕೊಂದಿತು?” ಎಂದು ಕೇಳುವುದಿಲ್ಲ. “ಈ ಸಾವಿನಿಂದ ಯಾರಿಗೆ ಲಾಭ?” ಎಂದು ಕೇಳುತ್ತಾನೆ. 1988ರ ಹಿಂದಿ ಚಿತ್ರ ‘ಖೂನ್ ಭರಿ ಮಾಂಗ್’ ನೆನಪಿಸಿಕೊಳ್ಳಿ. ಹಣದ ಆಸೆಗೆ ಗಂಡ ಹೆಂಡತಿಯನ್ನು ಮೊಸಳೆಯಿರುವ ನೀರಿಗೆ ತಳ್ಳುತ್ತಾನೆ. ನಮ್ಮ ಕೃಷ್ಣಾ ನದಿಯಲ್ಲಿಯೂ ಮೊಸಳೆಗಳಿವೆ, ದಂಡೆಯ ಊರುಗಳವರು ಎಚ್ಚರಿಕೆಯಿಂದಲೇ ನೀರಿಗಿಳಿಯುತ್ತಾರೆ. ಮೊಸಳೆ ಹಸಿದರೆ ಹಿಡಿಯುತ್ತದೆ. ಅದಕ್ಕೆ ಆಸ್ತಿ ಬೇಡ, ವಿಮೆ ಬೇಡ, ಸೇಡೂ ಬೇಡ. ಆದರೆ ಚಿತ್ರಮಂದಿರದಿಂದ ಹೊರಬರುವಾಗ ನಮ್ಮ ಮನಸ್ಸಿನಲ್ಲಿ ಉಳಿಯುವುದು ಗಂಡನ ಮುಖವಲ್ಲ, ಮೊಸಳೆಯ ಬಾಯಿ!

ಹೀಗಾಗುವುದು ಏಕೆ? ಇಲ್ಲಿ ನಮ್ಮ ಕಸುಬಿನ ಗುಟ್ಟನ್ನು ನಿಮಗೆ ಹೇಳಬೇಕು.

ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳಿ. ಮೊದಲು ಹಾವಿನ ಕಣ್ಣು, ತೆರೆಯ ತುಂಬ. ಬಳಿಕ ಮಲಗಿರುವ ಮಗು. ಮತ್ತೆ ಹಾವು, ಈಗ ಅದರ ನಾಲಿಗೆ ಹೊರಳುತ್ತಿದೆ. ನೋಡುವ ನಿಮಗೆ ಹಾವು ಮಗುವನ್ನೇ ಗುರಿಯಿಟ್ಟು ನೋಡುತ್ತಿದೆ ಎನಿಸುತ್ತದೆ. ವಾಸ್ತವವಾಗಿ ಹಾವಿನ ಚಿತ್ರೀಕರಣ ಒಂದು ದಿನ, ಮಗುವಿನದು ಇನ್ನೊಂದು ದಿನ, ಇನ್ನೊಂದು ಊರಿನಲ್ಲಿ ನಡೆದಿರಬಹುದು. ಅವೆರಡೂ ಒಂದನ್ನೊಂದು ಕಂಡೇ ಇಲ್ಲ. ಹಾವಿಗೆ ‘ಉದ್ದೇಶ’ ಕೊಟ್ಟದ್ದು ಸಂಕಲನಕಾರ. ಹಾವು ನಾಲಿಗೆ ಚಾಚುವುದು ಗಾಳಿಯಲ್ಲಿರುವ ವಾಸನೆಯ ಕಣಗಳನ್ನು ಹಿಡಿಯಲು. ಅದು ಕೋಪದ ಗುರುತಲ್ಲ.

ಇನ್ನು ಧ್ವನಿ. 1975ರಲ್ಲಿ ಬಂದ ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಜಾಸ್’ ಚಿತ್ರಕ್ಕೆ ಯಾಂತ್ರಿಕ ಶಾರ್ಕ್ ಮೀನುಗಳನ್ನು ಮಾಡಿದ್ದರು. ಸಮುದ್ರದ ಉಪ್ಪುನೀರಿನಲ್ಲಿ ಅವು ಪದೇ ಪದೇ ಕೆಟ್ಟವು. ಬೇರೆ ದಾರಿಯಿಲ್ಲದೆ ನಿರ್ದೇಶಕರು ಶಾರ್ಕನ್ನು ಹೆಚ್ಚು ತೋರಿಸದೆಯೇ ಕಥೆ ಸಾಗಿಸಿದರು. ಅದರ ಬದಲು ಜಾನ್ ವಿಲಿಯಮ್ಸ್ ಅವರ ಸಂಗೀತದ ಎರಡೇ ಸ್ವರಗಳು ಸಾಕಾದವು. ಕಾಣದ ಪ್ರಾಣಿಯೇ ಹೆಚ್ಚು ಹೆದರಿಸಿತು. ನಮ್ಮಲ್ಲಿ 1954ರ ಹಿಂದಿ ‘ನಾಗಿನ್’ ಚಿತ್ರದ ಪುಂಗಿಯ ಧಾಟಿಯನ್ನು ಇಂದಿಗೂ ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡಿನವರು ನುಡಿಸುತ್ತಾರೆ. ಆ ನಾದ ಬಂದದ್ದು ಪುಂಗಿಯಿಂದಲ್ಲ, ಕ್ಲೇವಿಯೋಲಿನ್ ಎಂಬ ವಿದ್ಯುತ್ ವಾದ್ಯದಿಂದ! ನಿಜವಾದ ಹಾವಾಡಿಗನ ಮುಂದೆಯೂ ಹಾವು ಹಿಂಬಾಲಿಸುವುದು ಪುಂಗಿಯ ಚಲನೆಯನ್ನೇ ಹೊರತು ರಾಗವನ್ನಲ್ಲ.

ಇದೆಲ್ಲ ಮನರಂಜನೆ, ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ‘ಜಾಸ್’ ಕಾದಂಬರಿ ಬರೆದ ಪೀಟರ್ ಬೆಂಚ್‌ಲಿ ತಮ್ಮ ಕಥೆಯಿಂದ ಜನ ಶಾರ್ಕ್‌ಗಳನ್ನು ದ್ವೇಷಿಸುವಂತಾಯಿತು ಎಂದು ಮುಂದೆ ನೊಂದುಕೊಂಡು, ಬಹಳ ವರ್ಷ ಅವುಗಳ ರಕ್ಷಣೆಗಾಗಿ ದುಡಿದರು. ಕಥೆ ಹೇಳುವವನ ಹೊಣೆ ಚಿತ್ರ ಮುಗಿದೊಡನೆ ಮುಗಿಯುವುದಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಈಗ ಕಥೆಯಲ್ಲದ, ನಿಜವಾಗಿಯೇ ನಡೆದ ಒಂದು ಪ್ರಕರಣ ನೋಡೋಣ. 2020ರಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಯುವತಿಯೊಬ್ಬಳು ರಾತ್ರಿ ಮಲಗಿದ್ದಾಗ ನಾಗರಹಾವು ಕಚ್ಚಿ ಸತ್ತಳು. ಕೇವಲ ಎರಡು ತಿಂಗಳ ಹಿಂದೆ ಮಂಡಲದ ಹಾವು ಕಚ್ಚಿ, ಬಹುಕಾಲ ಆಸ್ಪತ್ರೆಯಲ್ಲಿದ್ದು ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದಳು. ನಮ್ಮ ಊರುಗಳಲ್ಲಾದರೆ “ಹಾವಿನ ಸೇಡು” ಎಂದು ಮಾತು ಮುಗಿಸಿಬಿಡುತ್ತಿದ್ದರೇನೋ. ಹೆತ್ತವರು ಹಾಗೆ ಸುಮ್ಮನಾಗಲಿಲ್ಲ, ಪೊಲೀಸರಿಗೆ ದೂರು ಕೊಟ್ಟರು. ಎರಡೂ ಬಾರಿ ಹಾವು ತಂದವನು ಗಂಡನೇ ಎಂಬುದು ತನಿಖೆಯಿಂದ ಹೊರಬಿತ್ತು. ಹಾವು ಹಿಡಿಯುವವನೊಬ್ಬನಿಂದ ಅವನು ಅವುಗಳನ್ನು ಕೊಂಡಿದ್ದ.

ಇದನ್ನು ಸಾಬೀತು ಮಾಡಿದ್ದು ಹೇಗೆ? ವಿಜ್ಞಾನದಿಂದ. ಹೂತಿದ್ದ ಹಾವನ್ನು ಹೊರತೆಗೆದು ಮರಣೋತ್ತರ ಪರೀಕ್ಷೆ ಮಾಡಿದರು. ಬೊಂಬೆಯೊಂದನ್ನು ಮಲಗಿಸಿ, ಜೀವಂತ ನಾಗರಹಾವನ್ನು ಬಳಸಿ ಪ್ರಯೋಗ ನಡೆಸಿದರು. ಹಾವು ತಾನಾಗಿ ಕಚ್ಚಿದಾಗ ಎರಡು ವಿಷದ ಹಲ್ಲುಗಳ ಗುರುತಿನ ನಡುವೆ ಇರುವ ಅಂತರಕ್ಕೂ, ತಲೆಯನ್ನು ಹಿಡಿದು ಒತ್ತಿ ಕಚ್ಚಿಸಿದಾಗ ಉಂಟಾಗುವ ಅಂತರಕ್ಕೂ ವ್ಯತ್ಯಾಸವಿದೆ. ಒತ್ತಿದಾಗ ಅಂತರ ಅಗಲವಾಗುತ್ತದೆ. ಆಕೆಯ ಕೈಮೇಲಿದ್ದವು ಅಂಥ ಅಗಲವಾದ ಗುರುತುಗಳೇ. 2021ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಅವನಿಗೆ ಎರಡು ಜೀವಾವಧಿ ಶಿಕ್ಷೆ ವಿಧಿಸಿತು. ಕಾನನ್ ಡಾಯ್ಲ್ ಅವರ ಕಥೆಯೇ 128 ವರ್ಷಗಳ ಬಳಿಕ ನಮ್ಮ ನೆರೆರಾಜ್ಯದಲ್ಲಿ ನಡೆದಂತಿತ್ತು. ಅಪರಾಧಿ ಇಲ್ಲಿಯೂ ಹಾವಲ್ಲ. ಹಾವನ್ನು ದೂರಿ ಕೈತೊಳೆದುಕೊಂಡಿದ್ದರೆ ಕೊಲೆಗಾರ ತಪ್ಪಿಸಿಕೊಳ್ಳುತ್ತಿದ್ದ.

ಮತ್ತೆ ಪಾಮನಕಲ್ಲೂರಿನ ಆ ಹುಡುಗನ ಮಾತಿಗೆ ಬರೋಣ. ಅವನ ಕಾಕಾನ ಸಾವಿನ ಹಿಂದೆ ಕೊಲೆಗಾರ ಯಾರೂ ಇಲ್ಲ. ಅಲ್ಲಿದ್ದದ್ದು ತಪ್ಪು ತಿಳಿವಳಿಕೆ. 2000ದಿಂದ 2019ರವರೆಗಿನ ಅಂಕಿಅಂಶಗಳ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ. ಇವರಲ್ಲಿ ಬಹುಪಾಲು ಹಳ್ಳಿಗರು. ಬೆಳೆ ಇರುವಲ್ಲಿ ಇಲಿ, ಇಲಿ ಇರುವಲ್ಲಿ ಹಾವು. ಹೀಗಾಗಿ ಹಾವು ಒಕ್ಕಲಿಗನ ನೆರೆಯವನೂ ಹೌದು, ಇಲಿ ತಿಂದು ಕಾಳು ಉಳಿಸುವ ಸಹಾಯಕನೂ ಹೌದು.

ನಮ್ಮಲ್ಲಿ ಹೆಚ್ಚಿನ ಸಾವಿಗೆ ಕಾರಣವಾಗುವ ಹಾವುಗಳು ಮುಖ್ಯವಾಗಿ ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ಇವು ನಾಲ್ಕಕ್ಕೂ ಕೆಲಸ ಮಾಡುವ ಒಂದೇ ಪ್ರತಿವಿಷ ನಮ್ಮಲ್ಲಿ ತಯಾರಾಗುತ್ತದೆ. ಹಾವಿನ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚುತ್ತಾ ಹೋದರೆ ಅದರ ರಕ್ತದಲ್ಲಿ ವಿಷವನ್ನು ಎದುರಿಸುವ ಕಣಗಳು ಬೆಳೆಯುತ್ತವೆ. ಅವನ್ನು ಬೇರ್ಪಡಿಸಿ ಶುದ್ಧಗೊಳಿಸಿದ್ದೇ ಪ್ರತಿವಿಷ. ಇದಕ್ಕೆ ಬೇಕಾದ ವಿಷವನ್ನು ಒದಗಿಸುವವರಲ್ಲಿ ಪ್ರಮುಖರು ತಮಿಳುನಾಡಿನ ಇರುಳರು. ಹಾವು ಹಿಡಿಯುವುದನ್ನೇ ಕುಲಕಸುಬಾಗಿ ಮಾಡಿಕೊಂಡಿದ್ದ ಅವರು 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಈ ಕೆಲಸಕ್ಕೆ ಇಳಿದರು. ಹಾವಿನ ವಿಷಕ್ಕೆ ಮದ್ದು ಹಾವಿನ ವಿಷದಿಂದಲೇ! ಯಾವ ಚಿತ್ರಕಥೆಗಾರನಿಗೂ ಹೊಳೆಯದ ತಿರುವು ಇದು.

ಆದ್ದರಿಂದ ಪರದೆಯ ಮೇಲೆ ನೀವು ಕಂಡದ್ದನ್ನು ಮರೆತು, ಇದನ್ನು ನೆನಪಿಟ್ಟುಕೊಳ್ಳಿ. ಹಾವು ಕಚ್ಚಿದರೆ ಗಾಯ ಕೊಯ್ಯಬಾರದು, ಬಾಯಿಂದ ಹೀರಬಾರದು. ಹೀಗೆ ಮಾಡಿದರೆ ವಿಷ ಹೊರಬರುವುದಿಲ್ಲ, ರಕ್ತಸ್ರಾವವೂ ಸೋಂಕೂ ಹೆಚ್ಚುತ್ತವೆ. ಹಗ್ಗ ಬಿಗಿಯಬಾರದು. ರಕ್ತ ಸಂಚಾರ ನಿಂತು ಕಾಲೇ ಹೋದೀತು. ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ, ಓಡಾಡಲು ಬಿಡಬೇಡಿ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಪಟ್ಟಿ ಇಟ್ಟು ಸಡಿಲವಾಗಿ ಕಟ್ಟಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆದುಬಿಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ನೇರವಾಗಿ ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಹುಡುಕಿ ಕೊಲ್ಲುತ್ತಾ ನಿಂತರೆ ಕಳೆದುಹೋಗುವುದು ಮನುಷ್ಯನ ಸಮಯ. ಕಟ್ಟುಹಾವಂತೂ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ನೋವೇ ಆಗದಿರಬಹುದು. ಮುಂಜಾನೆ ರೆಪ್ಪೆ ಜೋತುಬಿದ್ದು ಮಾತು ತೊದಲಿದರೆ ಕೂಡಲೇ ಎಚ್ಚರಗೊಳ್ಳಿ. ಮಂಚ, ಸೊಳ್ಳೆಪರದೆ, ಕೈಯಲ್ಲೊಂದು ಬ್ಯಾಟರಿ, ಕಾಲಿಗೆ ಬೂಟು: ಈ ಸಣ್ಣ ವಸ್ತುಗಳೇ ದೊಡ್ಡ ರಕ್ಷಣೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಘೋಷಿಸಿತು. ಎಲ್ಲಿ ಎಷ್ಟು ಕಡಿತ ಎಂಬುದು ತಿಳಿದರೆ ತಾನೇ ಅಲ್ಲಿ ಅಷ್ಟು ಪ್ರತಿವಿಷ ಇಡಲು ಸಾಧ್ಯ?

ಹಾಗಾದರೆ ಇಂಥ ಚಿತ್ರಗಳನ್ನು ನೋಡಲೇಬಾರದೇ? ಖಂಡಿತ ನೋಡಿ, ಹೆದರಿ, ಆನಂದಿಸಿ. ಪತ್ತೇದಾರನ ಕಣ್ಣು ಮಾತ್ರ ನಿಮ್ಮಲ್ಲಿರಲಿ. ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಪ್ರಾಣಿ ನಿಜವಾಗಿ ಹೀಗೆ ಮಾಡಬಲ್ಲದೇ? ನನಗೆ ಭಯ ಹುಟ್ಟಿಸಿದ್ದು ಪ್ರಾಣಿಯೋ, ಸಂಗೀತವೋ? ಕಥೆಯಲ್ಲಿ ಲಾಭ ಯಾರಿಗೆ?

ಇನ್ನು ಆ ಹುಡುಗಿಯ ಪ್ರಶ್ನೆ: “ಹಂಗ ಯಾಕ ತೋರಸ್ತೀರ್ರಿ?” ತಂಗಿ, ಉತ್ತರ ಇಷ್ಟೇ. ಭಯ ಸುಲಭವಾಗಿ ಮಾರಾಟವಾಗುತ್ತದೆ, ಸತ್ಯ ಹೇಳಲು ಹೆಚ್ಚು ಶ್ರಮ ಬೇಕು. ಆ ಶ್ರಮವನ್ನು ನಾವು ಸಾಕಷ್ಟು ಪಟ್ಟಿಲ್ಲ. ಕಾಲಿಗೆ ಹಗ್ಗ ಬಿಗಿಯುವ ದೃಶ್ಯದ ಬದಲು ಆಸ್ಪತ್ರೆಗೆ ಓಡುವ ದೃಶ್ಯ ಬರೆದಿದ್ದರೂ ಕಥೆಯ ರೋಮಾಂಚನ ಕಡಿಮೆಯಾಗುತ್ತಿರಲಿಲ್ಲ. ಹೊತ್ತಿನ ವಿರುದ್ಧದ ಓಟಕ್ಕಿಂತ ಮೈ ನವಿರೇಳಿಸುವ ದೃಶ್ಯ ಇನ್ನೊಂದುಂಟೇ? ನಾಳೆ ನಿಮ್ಮಲ್ಲಿ ಯಾರಾದರೂ ಚಿತ್ರಕಥೆ ಬರೆಯುವವರಿದ್ದರೆ ಆ ದೃಶ್ಯ ಬರೆಯಿರಿ. ಅದನ್ನು ನೋಡಿದ ಯಾವುದೋ ಊರಿನ ಯಾರದೋ ಕಾಕಾ ಬದುಕಿ ಮನೆಗೆ ಬಂದಾರು.